ಇಟಲಿ ಟ್ರಿಪ್ ಪ್ಲಾನ್ ಮಾಡೋದು ಹೇಗೆ: ಊರು ಆಮೇಲೆ, ಮೊದ್ಲು ರಾತ್ರಿ ಎಣಿಸಿ

ಇಟಲಿಗೆ ಹೋಗೋಣ ಅಂತ ಕೂತಾಗ ಎಲ್ರೂ ಮೊದ್ಲು ಬರಿಯೋದು ಊರುಗಳ ಪಟ್ಟಿ. ನಾವೂ ಅದನ್ನೇ ಮಾಡಿದ್ವಿ. ಮಿಲಾನ್, ವೆನಿಸ್, ಬೊಲೊನ್ಯಾ, ಫ್ಲಾರೆನ್ಸ್, ಪೀಸಾ, ರೋಮ್, ನೇಪಲ್ಸ್, ಅಮಾಲ್ಫಿ, 12 ರಾತ್ರಿಗೆ 8 ಊರು. ಅಮ್ಮ ಆ ಹಾಳೆ ನೋಡಿ "ಇದ್ರಲ್ಲಿ ಕೂತು ಊಟ ಮಾಡೋದು ಯಾವಾಗಪ್ಪಾ?" ಅಂದ್ರು. ಒಳಗೆ ಹೋಗಿ ಚೌಕಾಬಾರ ಆಡೋ ಹುಣಸೆ ಬೀಜ ತಂದು 12 ಎಣಿಸಿ ಟೇಬಲ್ ಮೇಲಿಟ್ರು, ಒಂದು ಬೀಜ ಅಂದ್ರೆ ಒಂದು ರಾತ್ರಿ, ಯಾವ ಊರಿಗೆ ಎಷ್ಟು ಬೀಜ ಅಂತ ನೀವೇ ಇಡಿ ಅಂದ್ರು. ಅರ್ಧ ಗಂಟೇಲಿ 8 ಊರು 5 ಆಯ್ತು. ಇವತ್ತಿಗೂ ಯಾರಾದ್ರೂ ಇಟಲಿ ಪ್ಲಾನ್ ಕೇಳಿದ್ರೆ ನಾನು ಹೇಳೋದು ಇದೇ ವಿಧಾನ.

ಬೀಜ ಇಡೋದು ಹೇಗೆ

ಒಂದು ನಿಯಮ ಇಟ್ಕೊಳ್ಳಿ, ಊರು ಬದಲಾಯಿಸೋ ಪ್ರತಿ ದಿನ ಅರ್ಧ ದಿನ ಹೋಯ್ತು ಅಂತಾನೇ ಲೆಕ್ಕ. ರೈಲು 2 ಗಂಟೆ ಅಷ್ಟೇ ಅಲ್ವಾ ಅನ್ಸುತ್ತೆ, ಆದ್ರೆ ಬ್ಯಾಗ್ ಕಟ್ಟಬೇಕು, ರೂಮ್ ಖಾಲಿ ಮಾಡ್ಬೇಕು, ಸ್ಟೇಷನ್ ಸೇರ್ಬೇಕು, ಇಳಿದ ಊರಲ್ಲಿ ರೂಮ್ ಸಿಗೋದು ಮಧ್ಯಾಹ್ನದ ಮೇಲೇನೇ, ಅಷ್ಟರಲ್ಲಿ ಮಕ್ಕಳು ವಯಸ್ಸಾದವರು ಸುಸ್ತು. ಹಾಗಾಗಿ ದೊಡ್ಡ ಊರಿಗೆ ಕನಿಷ್ಠ 2 ಬೀಜ, ರೋಮ್ ಫ್ಲಾರೆನ್ಸ್‌ಗೆ 3. ನಮ್ಮ ಲೆಕ್ಕ ಹೀಗೆ ಬಂತು: ವೆನಿಸ್ 2, ಫ್ಲಾರೆನ್ಸ್ 3, ಫ್ಲಾರೆನ್ಸ್ ಸುತ್ತಲಿನ ಟಸ್ಕನಿ ಪ್ರಾಂತ್ಯದ ಹಳ್ಳಿ ಕಡೆ 3, ರೋಮ್ ದಾರೀಲಿರೋ ಸಣ್ಣ ಊರು ಆರ್ವಿಯೆಟೊ 1, ರೋಮ್ 3. ನೇಪಲ್ಸ್, ಅಮಾಲ್ಫಿ ಬಿಟ್ಟಿದ್ದಕ್ಕೆ ಬೇಜಾರಾಯ್ತು ನಿಜ, ಆದ್ರೆ ಅಲ್ಲಿಗೇ ಬೇರೆ 5 ಬೀಜ ಬೇಕಾಗ್ತಿತ್ತು.

ಇನ್ನೊಂದು ಏನಂದ್ರೆ ಹೋದ ದಾರೀಲೇ ವಾಪಸ್ ಬರ್ಬೇಡಿ. ವೆನಿಸ್‌ಗೆ ಇಳಿದು ರೋಮ್‌ನಿಂದ ಹೊರಡೋ ಹಾಗೆ ಫ್ಲೈಟ್ ಬುಕ್ ಮಾಡಿ, ವೆಬ್‌ಸೈಟ್‌ನಲ್ಲಿ ಮಲ್ಟಿ ಸಿಟಿ ಅನ್ನೋ ಕಡೆ ನೋಡಿ. ರೋಮ್‌ನಿಂದ ವೆನಿಸ್‌ಗೆ ಫಾಸ್ಟ್ ರೈಲಲ್ಲೇ ಸುಮಾರು 4 ಗಂಟೆ, ಅದು ಉಳಿಯುತ್ತೆ.

ವಾರ ನೋಡ್ಕೊಂಡು ಇಡಿ

ಬೀಜ ಇಟ್ಟಾದ್ಮೇಲೆ ಕ್ಯಾಲೆಂಡರ್ ತೆಗೀರಿ. ಫ್ಲಾರೆನ್ಸ್‌ನ ಉಫಿಜಿ ಗ್ಯಾಲರಿ, ಮೈಕೆಲೇಂಜೆಲೋನ ಡೇವಿಡ್ ಇರೋ ಅಕಾಡೆಮಿಯಾ ಎರಡೂ ಸೋಮವಾರ ರಜ. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ರಜ, ತಿಂಗಳ ಕೊನೇ ಭಾನುವಾರ ಮಾತ್ರ ಫ್ರೀ ಆಗಿ ತೆರೆದಿರುತ್ತೆ, ಅವತ್ತು ಕ್ಯೂ ನೋಡಿದ್ರೆ ದುಡ್ಡು ಕೊಟ್ಟು ಬೇರೆ ದಿನ ಹೋಗೋದೇ ವಾಸಿ ಅನ್ಸುತ್ತೆ. ಆಗಸ್ಟ್ 15 ಅವರಿಗೂ ದೊಡ್ಡ ರಜ, ಫೆರಗೋಸ್ತೊ ಅಂತಾರೆ, ಆ ಆಸುಪಾಸು ಊರವರೇ ಸಮುದ್ರದ ಕಡೆ ಹೊರಟಿರ್ತಾರೆ, ಸಣ್ಣ ಅಂಗಡಿ ಹೋಟೆಲ್ ಎಷ್ಟೋ ಮುಚ್ಚಿರುತ್ತೆ, ಬಿಸಿಲೂ ಜಾಸ್ತಿ. ನಮ್ಮ ಮಕ್ಕಳ ರಜೆಗೆ ಹೊಂದೋದು ಮೇ ತಿಂಗಳು ಇಲ್ಲಾ ದಸರಾ ರಜೆ. ಮೇನಲ್ಲಿ ಟಸ್ಕನಿ ಗುಡ್ಡ ಪೂರ್ತಿ ಹಸಿರು, ಗೋಧಿ ಹೊಲದ ಮಧ್ಯ ಕೆಂಪು ಪಾಪಿ ಹೂವು. ಅಕ್ಟೋಬರ್‌ನಲ್ಲಿ ಹೊಲ ಉತ್ತು ಮಣ್ಣಿನ ಬಣ್ಣ, ಅದೂ ಚೆಂದಾನೇ.

ವೀಸಾ

ಇಟಲಿಗೆ ಬೇಕಾಗೋದು ಷೆಂಗೆನ್ ವೀಸಾ, ಅಂದ್ರೆ ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. ಅದಕ್ಕೆ ಪ್ರಯಾಣದ 6 ತಿಂಗಳ ಮುಂಚಿಂದ ಅರ್ಜಿ ಹಾಕ್ಬಹುದು, ಕೊನೇ ಗಳಿಗೆಗೆ ಇಟ್ಕೋಬೇಡಿ, ಬೇಸಿಗೆ ಸೀಸನ್‌ನಲ್ಲಿ ಸ್ಲಾಟ್ ಸಿಗೋದೇ ಕಷ್ಟ. ಕನಿಷ್ಠ 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಬೇಕೇಬೇಕು. ಪ್ರತಿ ರಾತ್ರಿ ಎಲ್ಲಿರ್ತೀರಿ ಅಂತ ತೋರಿಸ್ಬೇಕು, ಇಲ್ಲಿ ಬೀಜದ ಲೆಕ್ಕ ನೇರ ಕೆಲಸಕ್ಕೆ ಬರುತ್ತೆ, 12 ಸಾಲಿನ ಟೇಬಲ್ ಮಾಡಿ, ಒಂದು ರಾತ್ರಿನೂ ಖಾಲಿ ಬಿಡ್ಬೇಡಿ, ಹೋಟೆಲ್‌ಗಳು ಕ್ಯಾನ್ಸಲ್ ಮಾಡೋಕಾಗೋ ಥರದ್ದೇ ಇರ್ಲಿ. ಜೊತೆಗೆ ಬೇರೆ ದೇಶನೂ ಸೇರಿಸ್ತಿದ್ರೆ ಹೆಚ್ಚು ದಿನ ಎಲ್ಲಿರ್ತೀರೋ ಆ ದೇಶಕ್ಕೇ ಅರ್ಜಿ ಹಾಕ್ಬೇಕು.

ರೈಲು

ದೊಡ್ಡ ಊರುಗಳ ಮಧ್ಯ ರೈಲೇ ಸರಿ. ಸರ್ಕಾರಿ ಕಂಪನಿ ಟ್ರೆನಿಟಾಲಿಯಾದ ಫಾಸ್ಟ್ ರೈಲು ಫ್ರೆಚ್ಚರೋಸ್ಸಾ, ಇಲ್ಲಾ ಖಾಸಗಿ ಕಂಪನಿ ಇಟಾಲೊ, ಎರಡೂ ಚೆನ್ನಾಗಿವೆ. ವೆನಿಸ್‌ನಿಂದ ಫ್ಲಾರೆನ್ಸ್ ಎರಡೂಕಾಲು ಗಂಟೆ ಹತ್ತಿರ. ಟಿಕೆಟ್ ದರ ವಿಮಾನದ ಥರ, ಮುಂಚೆ ತಗೊಂಡ್ರೆ ಕಡಿಮೆ. ಹುಡುಕುವಾಗ ಹೆಸರು ಇಟಾಲಿಯನ್‌ನಲ್ಲಿ ಗೊತ್ತಿರ್ಲಿ, ಫ್ಲಾರೆನ್ಸ್ ಅಂದ್ರೆ ಫಿರೆಂಜೆ, ವೆನಿಸ್ ಅಂದ್ರೆ ವೆನೇಜಿಯಾ. ವೆನಿಸ್‌ಗೆ ಎರಡು ಸ್ಟೇಷನ್, ಮೆಸ್ತ್ರೆ ನೆಲದ ಮೇಲಿನ ಊರು, ಸಾಂತಾ ಲುಚಿಯಾ ದ್ವೀಪದಲ್ಲಿರೋದು, ಬಾಗಿಲು ದಾಟಿದ್ರೆ ಎದುರಿಗೇ ಗ್ರ್ಯಾಂಡ್ ಕೆನಾಲ್. ಮೊದಲನೇ ಸಲ ಹೋಗೋರು ದಯವಿಟ್ಟು ಅಲ್ಲೇ ಇಳೀರಿ. ಅಮ್ಮ ಆ ಮೆಟ್ಟಿಲ ಮೇಲೆ ನಿಂತು ಐದು ನಿಮಿಷ ಮಾತೇ ಆಡ್ಲಿಲ್ಲ. ಸೂಟ್‌ಕೇಸ್ ಮಾತ್ರ ಸಣ್ಣದಿರ್ಲಿ, ಅಲ್ಲಿನ ಸೇತುವೆಗಳಿಗೆ ಬಹುಪಾಲು ಮೆಟ್ಟಿಲು, ಚಕ್ರ ಇದ್ರೂ ಹೊರೋದೇ.

ಲೋಕಲ್ ರೈಲಿಗೆ ಪೇಪರ್ ಟಿಕೆಟ್ ತಗೊಂಡ್ರೆ ಹತ್ತೋ ಮುಂಚೆ ಪ್ಲಾಟ್‌ಫಾರ್ಮ್ ಹತ್ತಿರದ ಮೆಷಿನ್‌ನಲ್ಲಿ ತೂರಿಸಿ ಸೀಲ್ ಹಾಕಿಸ್ಕೋಬೇಕು, ಇಲ್ಲಾಂದ್ರೆ ದಂಡ.

ಹಳ್ಳಿ ಕಡೆಗೆ ಬೇರೆ ಲೆಕ್ಕ

ಜನ ತಪ್ಪು ಮಾಡೋದು ಇಲ್ಲೇ ಜಾಸ್ತಿ. ಟಸ್ಕನೀನ ಫ್ಲಾರೆನ್ಸ್‌ನಿಂದ ಒಂದು ದಿನದ ಬಸ್ ಟೂರ್‌ನಲ್ಲಿ ಮುಗಿಸ್ತಾರೆ, ಸಿಯೆನಾ, ಸಾನ್ ಜಿಮಿನ್ಯಾನೊ, ಪೀಸಾ ಎಲ್ಲಾ ಒಂದೇ ದಿನ, ಬಸ್ಸಿಂದ ಇಳಿ ಫೋಟೋ ತೆಗಿ ಹತ್ತು. ಹಳ್ಳಿ ಕಡೆ ಚೆಂದ ಇರೋದು ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಏಳಕ್ಕೆ, ಆ ಹೊತ್ತಲ್ಲಿ ಟೂರ್ ಬಸ್ ಇರೋದೇ ಇಲ್ಲ. ಅಲ್ಲೇ ಮಲಗಿ ಏಳ್ಬೇಕು.

ಅದಕ್ಕೆ ಅಗ್ರಿತುರಿಸ್ಮೊ ಹುಡುಕಿ. ಅಂದ್ರೆ ರೈತರ ಮನೆ, ನಿಜವಾಗ್ಲೂ ಬೇಸಾಯ ಮಾಡೋರಿಗೆ ಮಾತ್ರ ಈ ಹೆಸರಲ್ಲಿ ರೂಮ್ ಕೊಡೋಕೆ ಅವಕಾಶ, 1985ರಲ್ಲೇ ಅಲ್ಲಿ ಇದಕ್ಕೆ ಕಾನೂನು ಬಂತು. ನಾವು ಇದ್ದಿದ್ದು ವಾಲ್ ದೋರ್ಚಾದಲ್ಲಿ, ಪಿಯೆಂಜಾ ಹತ್ತಿರ, 2004ರಿಂದ ಈ ಕಣಿವೆ ಯುನೆಸ್ಕೊ ಪಟ್ಟಿಯಲ್ಲಿದೆ. ರಾತ್ರಿ ಊಟ ಬೇಕು ಅಂದ್ರೆ ಬೆಳಿಗ್ಗೇನೇ ಹೇಳ್ಬೇಕು. ಮೊದಲ ಸಂಜೆ ಮನೆ ಯಜಮಾನಿ ತಮ್ಮ ತೋಟದ ಆಲಿವ್ ಎಣ್ಣೆ, ಬ್ರೆಡ್ ತಂದಿಟ್ರು. ಎಣ್ಣೆ ಕುಡಿದ ತಕ್ಷಣ ಏನೂ ಇಲ್ಲ, ಆಮೇಲೆ ಗಂಟಲಲ್ಲಿ ಕರಿಮೆಣಸಿನ ಥರ ಹತ್ತುತ್ತೆ, ಹೊಸ ಎಣ್ಣೆ ಹಾಗೇ ಅಂತೆ. ಟಸ್ಕನಿ ಬ್ರೆಡ್‌ಗೆ ಉಪ್ಪೇ ಹಾಕಲ್ಲ. ಅಮ್ಮ ಮೆಲ್ಲಗೆ ಬ್ಯಾಗಿಂದ ಮಾವಿನಮಿಡಿ ಉಪ್ಪಿನಕಾಯಿ ತೆಗೆದ್ರು, ಯಜಮಾನಿ ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಕೊಂಡು, ಆಮೇಲೆ ಬ್ರೆಡ್ ಮುರಿದು ಇನ್ನೊಂದು ಸಲ ಅದ್ದಿಕೊಂಡ್ರು. ಇಬ್ಬರಿಗೂ ಬರೋ ಭಾಷೆ ಒಂದೂ ಇಲ್ಲ, ಆದ್ರೂ ಒಂದು ಗಂಟೆ ಕೂತಿದ್ರು.

ಸಸ್ಯಾಹಾರಿಗಳು ಬುಕಿಂಗ್‌ನಲ್ಲೇ ಬರೆದುಬಿಡಿ, ಮಾಂಸ ಬೇಡ, ಮೀನು ಬೇಡ, ಮಾಂಸದ ಸಾರೂ ಬೇಡ ಅಂತ. ಪಾರ್ಮಿಜಾನೊ, ಪೆಕೊರಿನೊ ಚೀಸ್‌ನಲ್ಲಿ ಕರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸ್ತಾರೆ, ತುಂಬಾ ಕಟ್ಟುನಿಟ್ಟಿನವರಿಗೆ ಇದು ಗೊತ್ತಿರ್ಲಿ. ಟೊಮೇಟೊ ಪಾಸ್ತಾ, ಚೀಸ್ ಇಲ್ಲದ ಮರಿನಾರಾ ಪಿಜ್ಜಾ ಎಲ್ಲಾ ಕಡೆ ಸಿಗುತ್ತೆ.

ಕಾರು ಈ 3 ದಿನಕ್ಕೆ ಮಾತ್ರ

ವೆನಿಸ್, ಫ್ಲಾರೆನ್ಸ್, ರೋಮ್‌ಗೆ ಕಾರು ಬೇಡವೇ ಬೇಡ. ಫ್ಲಾರೆನ್ಸ್ ಮುಗಿಸಿ ಏರ್‌ಪೋರ್ಟ್ ಕಡೆಯಿಂದ ಕಾರು ತಗೊಂಡ್ರೆ ಊರೊಳಗೆ ಓಡಿಸೋದು ತಪ್ಪುತ್ತೆ, ಪಿಯೆಂಜಾಗೆ ಸುಮಾರು 2 ಗಂಟೆ. ನಮ್ಮ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು, ಆರ್‌ಟಿಓದಲ್ಲಿ ಮಾಡಿಸಿ. ಆಟೋಮ್ಯಾಟಿಕ್ ಬೇಕಿದ್ರೆ ಕೇಳಿ ಬುಕ್ ಮಾಡಿ, ಗೇರ್ ಕಾರೇ ಜಾಸ್ತಿ, ಅದೂ ಬಲಗೈಲಿ ಗೇರ್.

ಹಳೇ ಊರುಗಳ ಒಳಗೆ ಝಡ್‌ಟಿಎಲ್ ಅಂತ ಗಾಡಿಗಳಿಗೆ ನಿರ್ಬಂಧ ಇರೋ ಜಾಗ ಇರುತ್ತೆ, ಬಿಳಿ ಬೋರ್ಡ್‌ನಲ್ಲಿ ಕೆಂಪು ವೃತ್ತ, ಅನುಮತಿ ಇಲ್ಲದ ಗಾಡಿ ಹೋದ್ರೆ ಕ್ಯಾಮೆರಾ ಹಿಡಿಯುತ್ತೆ. ಮ್ಯಾಪ್ ಹೇಳ್ತು ಅಂತ ನಾನು ಒಂದು ಬೆಟ್ಟದ ಊರಲ್ಲಿ ನುಗ್ಗಿದ್ದೆ, ತಿಂಗಳುಗಳು ಕಳೆದ ಮೇಲೆ ಮನೆಗೆ ದಂಡದ ಪತ್ರ ಬಂತು, ಬಾಡಿಗೆ ಕಂಪನಿಯವರು ನನ್ನ ವಿಳಾಸ ಕೊಟ್ಟಿದ್ದಕ್ಕೆ ಬೇರೆ ಚಾರ್ಜ್ ಹಾಕಿದ್ರು. ಊರ ಗೋಡೆ ಹೊರಗಿನ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ನಡೀರಿ. ಡ್ರೈವಿಂಗ್ ಬೇಡ ಅನ್ನೋರು ಸಿಯೆನಾದಲ್ಲಿ 3 ರಾತ್ರಿ ಇರಿ, ಫ್ಲಾರೆನ್ಸ್‌ನಿಂದ ಬಸ್ಸೇ ವಾಸಿ, ಹಳೇ ಊರ ಹತ್ತಿರಕ್ಕೇ ಬಿಡುತ್ತೆ, ರೈಲ್ವೆ ಸ್ಟೇಷನ್ ಕೆಳಗೆ ತಗ್ಗಿನಲ್ಲಿದೆ.

ಕಾರನ್ನ ರೋಮ್ ತನಕ ಒಯ್ಯದೆ ಆರ್ವಿಯೆಟೊದಲ್ಲಿ ವಾಪಸ್ ತಗೊಳ್ಳೋ ಕಂಪನಿ ಹುಡುಕಿ, ಸಣ್ಣ ಊರಲ್ಲಿ ಮಧ್ಯಾಹ್ನ, ಭಾನುವಾರ ಆಫೀಸ್ ಮುಚ್ಚಿರ್ಬಹುದು, ಸಮಯ ಕೇಳ್ಕೊಳ್ಳಿ. ಆರ್ವಿಯೆಟೊ ಬಂಡೆ ಮೇಲಿನ ಊರು, ಸ್ಟೇಷನ್‌ನಿಂದ ಹಳಿ ಮೇಲೆ ಓಡೋ ಫ್ಯುನಿಕ್ಯುಲರ್ ಮೇಲಕ್ಕೆ ಒಯ್ಯುತ್ತೆ. ಮಾರನೇ ದಿನ ಲೋಕಲ್ ರೈಲು ಹತ್ತಿದ್ರೆ ಸುಮಾರು ಒಂದೂಕಾಲು ಗಂಟೇಲಿ ರೋಮ್.

ರೋಮ್‌ನ 3 ಬೀಜಕ್ಕೆ ಕೊಲೋಸಿಯಂ, ವ್ಯಾಟಿಕನ್ ಟಿಕೆಟ್ ಊರಿಂದಲೇ ಟೈಮ್ ಸಮೇತ ಬುಕ್ ಮಾಡಿ, ಎರಡೂ ಒಂದೇ ದಿನ ಹಾಕ್ಬೇಡಿ. ರೂಮ್ ಟೆರ್ಮಿನಿ ಸ್ಟೇಷನ್‌ಗೆ ಹತ್ತಿರ ಹಿಡೀರಿ, ಅಲ್ಲಿಂದ ಲಿಯೊನಾರ್ಡೊ ಎಕ್ಸ್‌ಪ್ರೆಸ್ 32 ನಿಮಿಷಕ್ಕೆ ಫ್ಯುಮಿಚಿನೊ ಏರ್‌ಪೋರ್ಟ್ ತಲುಪಿಸುತ್ತೆ, ಹೊರಡೋ ದಿನ ಬೆಳಿಗ್ಗೆ ಕೂತು ಒಂದು ಕಾಫಿ ಕುಡಿಯೋಕೆ ಟೈಮ್ ಸಿಗುತ್ತೆ.