ಕಂಬಳಿ ತುಂಡಿನಲ್ಲಿ ಹಿಡಿದ ಕಡಲಂಚಿನ ಸಣ್ಣ ಸದ್ದುಗಳು

ಗೋಕರ್ಣದಿಂದ ಅಘನಾಶಿನಿಯವರೆಗಿನ ಕಾಡುಗುಡ್ಡದ ಕರಾವಳಿಯಲ್ಲಿ ಅಲೆಯ ಮೊರೆತ ಬಿಟ್ಟು ಬೇರೇನೂ ದಾಖಲಾಗದು, ಅಲ್ಲಿನ ನಿತ್ಯದ ಸಣ್ಣ ಸದ್ದುಗಳು ಬೇಕಾದರೆ 40 ಸಾವಿರದ ಮೈಕು ಕೊಳ್ಳಲೇಬೇಕು ಎಂದು ಹಾಸನದ ನನ್ನ ಧ್ವನಿಮುದ್ರಣದ ಗೆಳೆಯರು ಎರಡು ವರ್ಷ ಹೇಳುತ್ತಲೇ ಬಂದರು. ಕಳೆದ ನವೆಂಬರಿನಲ್ಲಿ ನನ್ನ ಹಳೆಯ ಝೂಮ್ ಎಚ್1ಎನ್ ರೆಕಾರ್ಡರಿನಿಂದಲೇ ಸುಮಾರು 11 ಗಂಟೆಯ ಮುದ್ರಣ ತಂದೆ. ಅದರಲ್ಲಿ ಮೂರು ಗಂಟೆಯಷ್ಟು ಯಾರಿಗೆ ಬೇಕಾದರೂ ಕೇಳಿಸಬಲ್ಲಷ್ಟು ಸ್ವಚ್ಛವಾಗಿದೆ.

ಮೊದಲ ಪ್ರವಾಸ ಪೂರ್ತಿ ವ್ಯರ್ಥವಾಗಿತ್ತು. ಹಾಸನದಲ್ಲಿ ರಾತ್ರಿ ರೈಲು ಹತ್ತಿ, ಬೆಳಿಗ್ಗೆ ಗೋಕರ್ಣ ರೋಡಿನಲ್ಲಿ ಇಳಿದು, ಕೋಣೆ ಹಿಡಿದು, ತಿಂಡಿ ಮುಗಿಸಿ ಓಂ ಕಡಲತೀರ ಮುಟ್ಟುವಾಗ 11 ಗಂಟೆ. ಕಡಲಿನಿಂದ ಗಾಳಿ ಏಳುವ ಹೊತ್ತೇ ಅದು. ನಾಲ್ಕು ಗಂಟೆ ಮುದ್ರಿಸಿದ್ದರಲ್ಲಿ ಒಂದು ನಿಮಿಷವೂ ಉಳಿಯಲಿಲ್ಲ. ತಗ್ಗುದನಿಯ ಸದ್ದನ್ನು ಸೋಸುವ ಲೋ ಕಟ್ ಅನ್ನು 160 ಹರ್ಟ್ಸಿಗೆ ಏರಿಸಿದಾಗ ಗಾಳಿಯ ಗುಡುಗಿನ ಜೊತೆಗೆ ದೋಣಿಯ ಎಂಜಿನ್ನಿನ ತುಂಬುದನಿಯೂ ಹೋಯಿತು. ಎರಡನೆಯ ಸಲ 2,200 ರೂಪಾಯಿ ಕೊಟ್ಟು ಮೈಕಿಗೆ ಗಾಳಿ ತಡೆಯುವ ತುಪ್ಪಳದ ಹೊದಿಕೆ ತರಿಸಿದೆ. ಅದರೊಳಗಿನ ಸ್ಪಂಜು ಉಪ್ಪುಗಾಳಿಗೆ ಕೆಲವೇ ತಿಂಗಳಲ್ಲಿ ಪುಡಿಪುಡಿಯಾಗಿ ಮೈಕಿನ ಜಾಲರಿಯ ಮೇಲೆ ಕುಳಿತಿತು, ಮಾರಿದವರು ವಾಪಸು ತೆಗೆದುಕೊಳ್ಳಲಿಲ್ಲ. ಅದೇ ಪ್ರವಾಸದಲ್ಲಿ ಸೆಲ್ಲುಗಳು ಸೋರಿ ತಗಡು ಹಸಿರುಗಟ್ಟಿತು, ರಿಪೇರಿಗೆ ಮತ್ತೆ 600. ರೈಲು, ಬಸ್ಸು, ಊಟ, ವಸತಿ ಎಲ್ಲ ಸೇರಿ ಎರಡು ಪ್ರವಾಸಕ್ಕೆ ಎಂಟು ಸಾವಿರದ ಹತ್ತಿರ ಖರ್ಚಾಗಿರಬೇಕು.

ಕಂಬಳಿಯ ಯೋಚನೆ ಬಂದದ್ದು ಅರಸೀಕೆರೆ ಕಡೆಯ ಕುರಿ ಸಾಕುವ ಮನೆಯೊಂದರಲ್ಲಿ. ಮಳೆಗಾಳಿಯಲ್ಲಿ ಕುರಿ ಕಾಯುವವರು ಕಂಬಳಿಯ ಕೊಪ್ಪೆ ಹಾಕಿಕೊಂಡು ನಿಂತಿದ್ದರು. ಹೊರಗೆ ಗಾಳಿ ಬೀಸುತ್ತಿದ್ದರೂ ಕೊಪ್ಪೆಯೊಳಗೆ ಅವರು ಆರಾಮವಾಗಿ ಮಾತಾಡಿಕೊಳ್ಳುತ್ತಿದ್ದರು. ಹಳೆಯ ಕಂಬಳಿಯ ತುಂಡೊಂದನ್ನು 150 ರೂಪಾಯಿಗೆ ತಂದೆ. ಅದನ್ನು ನೇರವಾಗಿ ಮೈಕಿಗೆ ಸುತ್ತಿದಾಗ ಗಾಳಿ ನಿಂತಿತು, ಆದರೆ ಬಳೆಯಂಥ ಸಣ್ಣ ಸದ್ದು ಗೋಣಿಚೀಲದೊಳಗಿನಿಂದ ಬಂದಂತೆ ಕೇಳಿತು. ಮೈಕಿಗೂ ಬಟ್ಟೆಗೂ ನಡುವೆ ಅಲುಗದ ಗಾಳಿ ಇರಬೇಕೆಂಬುದು ಧ್ವನಿಮುದ್ರಣ ಮಾಡುವ ನಮಗೆಲ್ಲ ಗೊತ್ತಿರುವ ಮಾತೇ ಆದರೂ ಅದನ್ನು ನಾನು ಕೈಯಾರೆ ಕಲಿಯಬೇಕಾಯಿತು. ದೊಡ್ಡ ಅಳತೆಯ ಎರಡು ಪ್ಲಾಸ್ಟಿಕ್ ಟೀ ಸೋಸಣಿಗೆಗಳ ಬಾಯಿಗೆ ಬಾಯಿ ಕೂಡಿಸಿ ಗೂಡು ಮಾಡಿ, ರೆಕಾರ್ಡರನ್ನು ಕೂದಲಿಗೆ ಕಟ್ಟುವ ರಬ್ಬರ್ ಬ್ಯಾಂಡುಗಳಿಂದ ಅದರೊಳಗೆ ತೂಗುಬಿಟ್ಟೆ. ಕಂಬಳಿಯ ಹಾಸುನೂಲನ್ನು ಅಲ್ಲಲ್ಲಿ ಬಿಡಿಸಿ, ನಾಯಿಗೆ ಬಾಚುವ ತಂತಿಬ್ರಷ್ಷಿನಿಂದ ಉಣ್ಣೆಯನ್ನು ಎಬ್ಬಿಸಿ ಮೇಲೆ ಹೊದಿಸಿದೆ. ಗೂಡಿಗೂ ಕಂಬಳಿಗೂ ನಡುವೆ ಇನ್ನೊಂದು ತೆಳು ಪದರವಿದೆ. ಅದು ಯಾವ ಬಟ್ಟೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹೊದಿಕೆಯಿಂದ ಅರ್ಧ ಕೆಲಸವಾಯಿತು, ಉಳಿದ ಅರ್ಧವನ್ನು ಮಾಡಿದ್ದು ಹೊತ್ತು ಮತ್ತು ಜಾಗ. ನಸುಕಿನಲ್ಲಿ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಹರಿಯುತ್ತದೆ, ಆಗ ಅಲೆಯ ಸದ್ದನ್ನು ಹೊತ್ತು ತಂದು ಕಿವಿಗೆ ಸುರಿಯುವುದಿಲ್ಲ. ಓಂ ತೀರದಿಂದ ಹಾಫ್ ಮೂನ್ ಕಡೆಗೆ ಗುಡ್ಡದ ಮೇಲೆ ಹೋಗುವ ಕಾಲುದಾರಿಯಲ್ಲಿ ಬಂಡೆಯ ಹೆಗಲು ದಾಟಿ ಇಪ್ಪತ್ತು ಹೆಜ್ಜೆ ಕಾಡಿನ ಕಡೆ ಇಳಿದರೆ ಮೊರೆತ ಎಷ್ಟು ತಗ್ಗುತ್ತದೆಂದರೆ, ಒಣಗಿದ ಎಲೆಯ ಮೇಲೆ ಇಬ್ಬನಿ ತೊಟ್ಟಿಕ್ಕುವುದು ಸ್ಪಷ್ಟವಾಗಿ ದಾಖಲಾಗುತ್ತದೆ. ಅಘನಾಶಿನಿ ನದಿಯ ಮುಖಕ್ಕೆ ಹೋದರೆ ಇಳಿತದ ಹೊತ್ತೇ ಆಗಬೇಕು. ಇಳಿತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ, ನಸುಕು ಮತ್ತು ಇಳಿತ ಒಂದಾಗುವ ದಿನಗಳು ಪಕ್ಷಕ್ಕೆ ಕೆಲವೇ ಸಿಗುತ್ತವೆ. ಪಂಚಾಂಗ ನೋಡಿ ನಾನು ಹೊರಡುವ ತಿಥಿ ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಒಂದು ತಿಂಗಳು ಗಮನಿಸಿದವರಿಗೆ ತಾನಾಗಿಯೇ ತಿಳಿಯುತ್ತದೆ.

ಅದೇ ನದೀಮುಖದ ತದಡಿಯಲ್ಲಿ ಹೊಳೆ ದಾಟಿಸುವ ದೋಣಿಗಾಗಿ ಕಾದಿದ್ದ ಅರ್ಧ ಗಂಟೆಯೇ ಈ ಸಂಗ್ರಹದ ಪ್ರಾಣ. ಖಾಲಿ ಮೀನುಬುಟ್ಟಿಯನ್ನು ದೋಣಿಯೊಳಗೆ ಇಟ್ಟ ಸದ್ದು, ಹಗ್ಗ ಒದ್ದೆ ಮರಕ್ಕೆ ಉಜ್ಜುವ ಕಿರುಗು, ಚಿಲ್ಲರೆ ಎಣಿಸುವ ಬೆರಳು, ಶಾಲೆಗೆ ಹೊರಟ ಹುಡುಗಿಯೊಬ್ಬಳು ಮಗ್ಗಿ ಹೇಳಿಕೊಳ್ಳುತ್ತಿದ್ದ ಪಿಸುದನಿ. ಆಚೆ ದಡದ ಕೆಸರಿನಲ್ಲಿ ಮೊಣಕಾಲುದ್ದ ನೀರಿಗಿಳಿದು ಬಳಚು ಎಂಬ ಚಿಪ್ಪುಮೀನು ಆಯುತ್ತಿದ್ದ ಹೆಂಗಸರು ಬುಟ್ಟಿಯನ್ನು ನೀರಿನಲ್ಲಿ ಅಲುಗಿಸಿ ತೊಳೆಯುವಾಗ ಚಿಪ್ಪುಗಳು ಮಾಡುವ ಸದ್ದನ್ನು ಹಿಡಿಯಲೆಂದೇ ನಾನು ಮೂರನೆಯ ಸಲ ಹೋದದ್ದು. ಮುದ್ರಿಸಿಕೊಳ್ಳಲೇ ಎಂದು ಮೊದಲೇ ಕೇಳಿದೆ. "ಹಿಡ್ಕೊಳ್ಳೋ ತಮ್ಮಾ, ಸದ್ದಿಗೇನು ದುಡ್ಡೇ?" ಎಂದ ಹಿರಿಯರೊಬ್ಬರು ನನ್ನ ಕೈಯಲ್ಲಿದ್ದುದನ್ನು ನೋಡಿ ಅದಕ್ಕೆ ಕಂಬಳಿಹುಳ ಎಂದು ಹೆಸರಿಟ್ಟರು. ಅಲ್ಲಿ ತೆಗೆದ ನಾಲ್ಕು ನಿಮಿಷದಲ್ಲಿ ಸಮುದ್ರ ದೂರದಲ್ಲಿ ಉಸಿರಾಡುವಷ್ಟೇ ಕೇಳುತ್ತದೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ತೆರೆದ ಕೊಡೆಯನ್ನು ಬೆನ್ನ ಹಿಂದೆ ಹಿಡಿದು ದೂರದ ಸದ್ದನ್ನು ಒಟ್ಟುಗೂಡಿಸಲು ನೋಡಿದೆ. ಶಾಂತವಾದ ಹೊಳೆಯ ದಡದಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತು, ಗಾಳಿ ಎದ್ದೊಡನೆ ಕೊಡೆಯ ಬಟ್ಟೆಯೇ ಪಟಪಟಿಸಿತು. ಕುಮಟಾ ಬಸ್ಸಿನ ಕಿಟಕಿಯ ಗಡಗಡ ಮತ್ತು ಕಂಡಕ್ಟರರ ಸೀಟಿಯನ್ನು ಹಿಡಿಯಲು ರೆಕಾರ್ಡರನ್ನು ತೊಡೆಯ ಮೇಲಿನ ಬಟ್ಟೆಚೀಲದಲ್ಲಿಟ್ಟದ್ದು ಎಣಿಸಿದ್ದಕ್ಕಿಂತ ಚೆನ್ನಾಗಿ ಬಂತು. ಅಡಕೆ ಹಾಳೆಯ ಮೇಲೆ ಬೀಳುವ ಮಳೆಯನ್ನು ಮಾತ್ರ ಸಕಲೇಶಪುರದ ನಮ್ಮ ಕಡೆಯೇ ಮುದ್ರಿಸುವುದು ಒಳ್ಳೆಯದು, ಅಷ್ಟು ದೂರ ಹೋಗಬೇಕಿಲ್ಲ.

48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಮುದ್ರಿಸಿದರೆ ಗಂಟೆಗೆ ಸುಮಾರು ಒಂದು ಜಿಬಿ ಹಿಡಿಸುತ್ತದೆ, ಆದ್ದರಿಂದ 32 ಜಿಬಿಯ ಒಂದೇ ಕಾರ್ಡು ಸಾಕಾಯಿತು. ಹೊದಿಕೆಗೆ ಒಟ್ಟು ತಗುಲಿದ್ದು 400 ರೂಪಾಯಿಯ ಒಳಗೆ. ದೊಡ್ಡ ಮೈಕು ಬೇಕೇ ಬೇಕೆಂದಿದ್ದ ಗೆಳೆಯನಿಗೆ ಬಳಚಿನ ತುಣುಕನ್ನು ಏನೂ ಹೇಳದೆ ಕೇಳಿಸಿದೆ. ಯಾವ ಮೈಕು ಬಾಡಿಗೆಗೆ ತಂದೆ ಎಂದು ಕೇಳಿದ; ಈಗ ಅವನಿಗೂ ಒಂದು ತುಂಡು ಕಂಬಳಿ ಕೊಟ್ಟಿದ್ದೇನೆ.

ಮನೆಗೆ ಬಂದ ದಿನವೇ ಕಂಬಳಿಯನ್ನು ಬಿಚ್ಚಿ ಸೋಪಿಲ್ಲದ ಸಿಹಿನೀರಿನಲ್ಲಿ ಎರಡು ಸಲ ಅದ್ದಿ, ಹಿಂಡದೆ ನೆರಳಿನಲ್ಲಿ ಒಣಗಿಸಿ ಮತ್ತೆ ಬಾಚಬೇಕು. ಉಣ್ಣೆಯಲ್ಲಿ ಉಪ್ಪು ಉಳಿದರೆ ಅದು ರಾತ್ರಿಯ ತೇವವನ್ನೆಲ್ಲ ಹೀರಿಕೊಂಡು ಬೆಳಗಾಗುವುದರೊಳಗೆ ಭಾರವಾಗುತ್ತದೆ, ಎಳೆಗಳು ಅಂಟಿಕೊಳ್ಳುತ್ತವೆ, ಬಳೆಯ ಸದ್ದು ಮತ್ತೆ ಗೋಣಿಚೀಲಕ್ಕೆ ಹೋಗುತ್ತದೆ.