ಬಸ್ ಪಥಕ್ಕೆ ಊರನ್ನು ಒಪ್ಪಿಸುವ ಕೆಲಸ: ನನ್ನ ಅನುಭವ

ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ 2019ರ ಕೊನೆಗೆ ಟಿನ್ ಫ್ಯಾಕ್ಟರಿಯಿಂದ ಸಿಲ್ಕ್ ಬೋರ್ಡ್‌ವರೆಗೆ ಬೊಲಾರ್ಡ್ (ಗಿಡ್ಡ ತಡೆಗಂಬ) ನೆಟ್ಟು ಬಸ್ಸಿಗೆ ಮೀಸಲಾದ ಆದ್ಯತಾ ಪಥ ಮಾಡಿದರು. ಮುಂದಿನ ಮಾರ್ಚಿಗೆ ಕೊರೊನಾ ಬಂತು, ಅದರ ಹಿಂದೆಯೇ ಮೆಟ್ರೊ ಕಾಮಗಾರಿ ಬಂತು, ಪಥ ಅಳಿಸಿಹೋಯಿತು. ಇದೇ ಊರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆ ಬೇಡವೆಂದು 2016ರ ಅಕ್ಟೋಬರ್‌ನಲ್ಲಿ ಜನ ಕೈ ಕೈ ಹಿಡಿದು ನಿಂತಿದ್ದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಸೇತುವೆಗೆ ಬಲಿಯಾಗುವ ಮರ ಕಣ್ಣಿಗೆ ಕಾಣುತ್ತದೆ. ಬಸ್ ಪಥದಿಂದ ಉಳಿಯುವ ಹತ್ತು ನಿಮಿಷ ಕಾಣುವುದಿಲ್ಲ. ಆ ಹತ್ತು ನಿಮಿಷವನ್ನು ಕಾಣಿಸುವ ಕೆಲಸದ ವಿವರ ಇದು.

ಶುರು ಎಣಿಕೆಯಿಂದ. ಬೆಳಿಗ್ಗೆ 8ರಿಂದ 11, ಸಂಜೆ 5ರಿಂದ 8, ಮಂಗಳವಾರ, ಬುಧವಾರ, ಗುರುವಾರ. ಒಂದು ದಿಕ್ಕಿಗೆ ಮೂವರು: ಒಬ್ಬರಿಗೆ ದ್ವಿಚಕ್ರ, ಒಬ್ಬರಿಗೆ ಕಾರು ಮತ್ತು ಆಟೊ, ಒಬ್ಬರಿಗೆ ಬರೀ ಬಸ್ಸು. ಹದಿನೈದು ನಿಮಿಷಕ್ಕೊಂದು ಸಾಲು ಬರೆಯಬೇಕು. ಬಸ್ಸಿನೊಳಗಿನ ತಲೆ ಎಣಿಸಲು ಆಗದು, ಹಾಗಾಗಿ ಐದು ದರ್ಜೆ: ಖಾಲಿ, ಅರ್ಧ ಸೀಟು, ಸೀಟು ಭರ್ತಿ, ನಿಂತವರಿದ್ದಾರೆ, ಬಾಗಿಲಲ್ಲಿ ಜೋತಿದ್ದಾರೆ. ಕಂಪನಿ ಬಸ್ಸುಗಳಿಗೆ ಬೇರೆ ಕಾಲಂ. ನಿರ್ವಾಹಕರ ಟಿಕೆಟ್ ಯಂತ್ರದ ಲೆಕ್ಕವೊಂದನ್ನೇ ನಂಬಿದರೆ ಪಾಸಿನವರು ತಪ್ಪಿಹೋಗುತ್ತಾರೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಹಳೆಯ ಎಣಿಕೆಗಳು ಯಾವುದಕ್ಕೂ ಬಾರವು, ಹೊಸದಾಗಿಯೇ ಎಣಿಸಬೇಕು.

ಸಭೆಗೆ ಒಯ್ಯುವ ಲೆಕ್ಕ ಒಂದೇ ಸಾಲಿನದು. ನಿಮಿಷಕ್ಕೊಂದು ಬಸ್ಸು, ತಲಾ 55 ಜನ ಎಂದರೆ ಗಂಟೆಗೆ 3,300 ಜನ. ಅದೇ ಪಥದಲ್ಲಿ 800 ಕಾರು, ತಲಾ ಒಂದೂವರೆ ಜನ ಎಂದರೆ 1,200. ಇಲ್ಲೊಂದು ಗುಂಡಿ ಇದೆ. ನಮ್ಮ ರಸ್ತೆಯಲ್ಲಿ ಅರ್ಧಕ್ಕರ್ಧ ಬೈಕು, ಸ್ಕೂಟರು. ಅವು ಕಡಿಮೆ ಜಾಗದಲ್ಲಿ ಹೆಚ್ಚು ಜನರನ್ನು ಸಾಗಿಸುತ್ತವೆ. ಬೈಕನ್ನು ಬಿಟ್ಟು ಕಾರನ್ನಷ್ಟೇ ತೋರಿಸಿದರೆ ಹಿಂದಿನ ಸಾಲಿನಿಂದ ಯಾರೋ ಎದ್ದು ಕೇಳಿಯೇ ಕೇಳುತ್ತಾರೆ. ಅಲ್ಲಿಗೆ ಉಳಿದ ಅಂಕಿಗಳೂ ನೀರುಪಾಲು. ಬೈಕಿನ ಲೆಕ್ಕವನ್ನು ನಾವೇ ಮೊದಲು ಹಲಗೆಯ ಮೇಲೆ ಬರೆದುಬಿಡಬೇಕು. ಗಂಟೆಗೆ 30 ಬಸ್ಸಿಗಿಂತ ಕಡಿಮೆ ಓಡುವ ರಸ್ತೆಯಲ್ಲಿ ಇಡೀ ಪಥ ಕೇಳುವುದೇ ಬೇಡ. ಖಾಲಿ ಪಥದ ಒಂದು ಫೋಟೊ ಸಾಕು, ಆರು ತಿಂಗಳ ಕೆಲಸ ಮಣ್ಣುಗೂಡುತ್ತದೆ.

ಪ್ರಯಾಣದ ಸಮಯ ಅಳೆಯಲು ಫೋನಿನ ಜಿಪಿಎಸ್ ಹಾಕಿಕೊಂಡು ಬಸ್ಸಿನಲ್ಲೇ ಓಡಾಡಬೇಕು, ಒಂದೊಂದು ದಟ್ಟಣೆ ಹೊತ್ತಿಗೆ ಕನಿಷ್ಠ ಹತ್ತು ಸಲ. ಸರಾಸರಿ ಬರೆದರೆ ಸಾಲದು, ಹತ್ತರಲ್ಲಿ ಕೆಟ್ಟ ಎರಡು ಓಟಗಳನ್ನು ಬೇರೆಯಾಗಿ ತೋರಿಸಬೇಕು. ಗಾರ್ಮೆಂಟ್ಸ್ ಕೆಲಸದವರಿಗೆ ಸರಾಸರಿ 40 ನಿಮಿಷ ಎಂಬುದಕ್ಕಿಂತ, ಯಾವತ್ತು 65 ಆಗುತ್ತದೋ ತಿಳಿಯದು ಎಂಬುದೇ ಸಂಕಟ. ಆ ದಿನ ಗೇಟು ಮುಚ್ಚಿರುತ್ತದೆ.

ಸಾರ್ವಜನಿಕ ಸಭೆ ಅಂದರೆ ಸಾಮಾನ್ಯವಾಗಿ ವಾರದ ದಿನ ಬೆಳಿಗ್ಗೆ 11ಕ್ಕೆ, ಯಾವುದೋ ಸಭಾಂಗಣದಲ್ಲಿ. ಬರುವವರು ಅಂಗಡಿಯವರು, ಆಟೊ ಸಂಘದವರು, ಅಪಾರ್ಟ್‌ಮೆಂಟ್ ಸಂಘದವರು. ಬಸ್ಸಿನವರು ಆ ಹೊತ್ತಿಗೆ ಕೆಲಸದಲ್ಲಿರುತ್ತಾರೆ. 'ಸ್ಥಳೀಯರ ವಿರೋಧ' ಎಂದು ಕಡತಕ್ಕೆ ಸೇರುವುದು ಹೀಗೆಯೇ. ಆದ್ದರಿಂದ ಸಭೆಯನ್ನು ಮೂರು ಕಡೆ ಒಡೆಯಬೇಕು: ಸಂಜೆ ಏಳರ ಮೇಲೆ ತಂಗುದಾಣದಲ್ಲೇ, ಕಾರ್ಖಾನೆ ಬಿಡುವ ಹೊತ್ತಿಗೆ ಗೇಟಿನ ಬಳಿ, ಅಂಗಡಿಯವರ ಜತೆ ಮಧ್ಯಾಹ್ನ ವ್ಯಾಪಾರ ಕಡಿಮೆ ಇರುವಾಗ. ಸಹಿಯ ಜತೆ ಹತ್ತುವ ತಂಗುದಾಣ, ಇಳಿಯುವ ತಂಗುದಾಣ ಬರೆಸಿಕೊಳ್ಳಬೇಕು. ಬರೀ ಹೆಸರಿನ ಪಟ್ಟಿಯನ್ನು ಶಾಸಕರ ಕಚೇರಿಯಲ್ಲಿ ಯಾರೂ ಓದುವುದಿಲ್ಲ. ತಂಗುದಾಣದ ಹೆಸರಿದ್ದರೆ ತಮ್ಮ ಕ್ಷೇತ್ರದವರೆಷ್ಟು ಎಂದು ತಾವೇ ಎಣಿಸುತ್ತಾರೆ. ಅಂದಹಾಗೆ, ಬಸ್ಸಿನ ಸಭೆಯಲ್ಲೂ ಮೆಟ್ರೊ ದರದ ಸಿಟ್ಟು ಎದುರಾಗುತ್ತದೆ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ್ದನ್ನು ಜನ ಮರೆತಿಲ್ಲ. ಅದು ಬೇರೆ ಸಂಸ್ಥೆ ಎಂದು ಜಾರಿಕೊಳ್ಳಬೇಡಿ. ಜನರ ಕಣ್ಣಿಗೆ ಎಲ್ಲವೂ ಒಂದೇ ಸರ್ಕಾರ.

ಅಂಗಡಿಯವರ ಆಕ್ಷೇಪ ಹೆಚ್ಚಿನ ಕಡೆ ಪಥದ ಮೇಲಲ್ಲ, ಸರಕು ಇಳಿಸುವ ಜಾಗದ ಮೇಲೆ. ಬೆಳಿಗ್ಗೆ 7ರೊಳಗೆ, ಮಧ್ಯಾಹ್ನ 1ರಿಂದ 3 ಇಳಿಸಬಹುದು ಎಂದು ಬರೆದುಕೊಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಬಾಯಿಮಾತಿಗೆ ಬೆಲೆಯಿಲ್ಲ, ಸಂಚಾರ ಪೊಲೀಸರ ಆದೇಶದ ಪ್ರತಿಯೇ ಬೇಕು.

ಪಥದ ಅಗಲ 3.5 ಮೀಟರ್. 3.25ಕ್ಕಿಂತ ಕಿರಿದಾದರೆ ಚಾಲಕರು ಬೊಲಾರ್ಡಿಗೆ ಹೆದರಿ ವೇಗ ಇಳಿಸುತ್ತಾರೆ. ಎಡ ತಿರುವಿಗೆ 40 ಮೀಟರ್ ಮೊದಲೇ ಬೊಲಾರ್ಡ್ ಸಾಲನ್ನು ಮುಗಿಸಬೇಕು, ಇಲ್ಲವಾದರೆ ತಿರುಗುವ ಕಾರುಗಳು ಬಸ್ಸಿನ ಮೂತಿಗೇ ಅಡ್ಡ ಬರುತ್ತವೆ. ಎಡ ಅಂಚಿನಲ್ಲಿ ಚರಂಡಿ ಜಾಲರಿ ತಗ್ಗಿದ್ದರೆ ಮೊದಲು ಅದನ್ನು ಎತ್ತಿಸಿ. ಮಳೆಗಾಲದಲ್ಲಿ ನೀರು ನಿಲ್ಲುವುದೂ ಅಲ್ಲೇ, ಬಸ್ಸು ಪಥ ಬಿಟ್ಟು ಹೊರಬರುವುದೂ ಅಲ್ಲೇ. ಬಸ್ಸೇ ಪಥ ಬಿಟ್ಟ ಮೇಲೆ ಕಾರಿನವರಿಗೆ ಯಾವ ಬಾಯಿಂದ ಹೇಳುವುದು? ಕೆಟ್ಟು ನಿಂತ ಒಂದು ಬಸ್ಸು ಹಿಂದಿನ ಇಪ್ಪತ್ತನ್ನು ಹಿಡಿದಿಡುತ್ತದೆ. ಎಳೆಯುವ ವಾಹನ 15 ನಿಮಿಷದೊಳಗೆ ತಲುಪುವ ದೂರದಲ್ಲಿರಬೇಕು.

ದೆಹಲಿಯ ಅಂಬೇಡ್ಕರ್ ನಗರ-ಮೂಲ್‌ಚಂದ್ ನಡುವಿನ 5.8 ಕಿ.ಮೀ. ಪಥವನ್ನು ಇಲ್ಲಿ ನೆನೆಯಬೇಕು. 2008ರಲ್ಲಿ ಶುರುವಾಯಿತು. ಆ ರಸ್ತೆಯಲ್ಲಿ ಬಸ್ಸಿನವರೇ ಹೆಚ್ಚು. ಆದರೆ ಸಿಗ್ನಲ್‌ಗಳಲ್ಲಿ ಕಾರುಗಳ ಕಾಯುವಿಕೆ ಉದ್ದವಾಯಿತು, ಪಕ್ಕದ ಬಸ್ ಪಥ ಖಾಲಿ ಕಂಡಿತು. ಹೈಕೋರ್ಟ್ 2012ರಲ್ಲಿ ಪಥದ ಪರವಾಗಿಯೇ ಹೇಳಿದರೂ 2015ರಲ್ಲಿ ಸರ್ಕಾರ ಕಿತ್ತುಹಾಕಲು ತೀರ್ಮಾನಿಸಿತು. ಕೋರ್ಟಿನಲ್ಲಿ ಗೆದ್ದದ್ದು ಟಿವಿಯಲ್ಲಿ ಸೋತಿತ್ತು.

ಸ್ಟಾಕ್‌ಹೋಮ್ ನಗರದೊಳಗೆ ಬಂದುಹೋಗುವ ವಾಹನಗಳಿಗೆ ಹಾಕುವ ತನ್ನ ದಟ್ಟಣೆ ಶುಲ್ಕಕ್ಕೆ ಬೇರೆ ದಾರಿ ಹಿಡಿಯಿತು. 2006ರ ಜನವರಿಯಿಂದ ಜುಲೈವರೆಗೆ ಪ್ರಯೋಗ, ಸೆಪ್ಟೆಂಬರ್‌ನಲ್ಲಿ ಜನಮತ. ಮೊದಲು ವಿರೋಧವೇ ಹೆಚ್ಚಿತ್ತು. ರಸ್ತೆ ಹಗುರಾದದ್ದನ್ನು ಕಂಡ ಮೇಲೆ ನಗರದವರು ಸಣ್ಣ ಅಂತರದಿಂದ ಹೌದೆಂದರು. ಸುತ್ತಲಿನ ಹಲವು ಪಟ್ಟಣಗಳು ಬೇಡವೆಂದರೂ 2007ರ ಆಗಸ್ಟ್‌ನಲ್ಲಿ ಶುಲ್ಕ ಕಾಯಂ ಆಯಿತು. ಮೊದಲು ತೋರಿಸಿ ಆಮೇಲೆ ಕೇಳುವ ಈ ಕ್ರಮ ನಮಗೂ ಒಗ್ಗುತ್ತದೆ. ಷರತ್ತು ಒಂದೇ: ಪ್ರಯೋಗ ಯಾವತ್ತು ಮುಗಿಯುತ್ತದೆ, ಏನಾದರೆ ಸೋತಂತೆ ಎಂದು ಮೊದಲ ದಿನವೇ ಫಲಕದಲ್ಲಿ ಬರೆದಿರಬೇಕು. ನಾವು ಬರೆಯುವುದು ಹೀಗೆ: '90 ದಿನ. ಬಸ್ಸಿನ ಸಮಯ ಶೇ 15ರಷ್ಟೂ ಇಳಿಯದಿದ್ದರೆ ತೆಗೆಯುತ್ತೇವೆ.' ಅಧಿಕಾರಿಗಳು ಈ ಎರಡನೇ ಸಾಲಿಗೆ ಬೆದರುತ್ತಾರೆ. ಜನ ನಂಬುವುದು ಆ ಸಾಲನ್ನು ಓದಿಯೇ.

ಕಷ್ಟದ ಭಾಗ ಹೊಣೆ. ಬಸ್ಸು ಒಬ್ಬರದು, ರಸ್ತೆ ಇನ್ನೊಬ್ಬರದು, ದಂಡ ಹಾಕುವವರು ಮತ್ತೊಬ್ಬರು. ಇದನ್ನೆಲ್ಲ ಒಂದೆಡೆ ಕೂಡಿಸಲೆಂದೇ ಬೆಂಗಳೂರಿಗೆ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ ಬಂದಿದೆ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದ ಮೇಲೆ ದೂರು ಕೇಳಲು ವಾರ್ಡಿನವರು ಯಾರೂ ಇರಲಿಲ್ಲ, ಎಲ್ಲ ಒತ್ತಡವೂ ಶಾಸಕರ ಮೇಲೆಯೇ. ಹೀಗಿರುವಾಗ ಮೂರೂ ಕಚೇರಿಗಳಿಂದ ಒಂದೇ ಹಾಳೆಯ ಮೇಲೆ ಸಹಿ ತೆಗೆದುಕೊಳ್ಳಿ: ಮುರಿದ ಬೊಲಾರ್ಡನ್ನು ಎಷ್ಟು ದಿನದಲ್ಲಿ ಯಾರು ಬದಲಿಸುತ್ತಾರೆ, ದಟ್ಟಣೆ ಹೊತ್ತಿಗೆ ಎಷ್ಟು ಪೇದೆಗಳು, ಅಂಕಿಗಳನ್ನು ತಿಂಗಳಿಗೊಮ್ಮೆ ತಂಗುದಾಣದಲ್ಲಿ ಅಂಟಿಸುವವರು ಯಾರು. ಬೊಲಾರ್ಡ್ ಖರೀದಿಯ ಆದೇಶದಲ್ಲೇ ಶೇ 15 ಹೆಚ್ಚುವರಿ ಬರೆಸಿ. ಆಮೇಲೆ ಕೇಳಿದರೆ ಹೊಸ ಟೆಂಡರ್ ಅನ್ನುತ್ತಾರೆ, ಅಷ್ಟರಲ್ಲಿ ಬೊಲಾರ್ಡ್ ಮುರಿದ ಸಂದಿಯಲ್ಲಿ ಕ್ಯಾಬುಗಳು ನಿಲ್ಲಲು ಶುರುಮಾಡಿರುತ್ತವೆ.