ಟಾಮ್‌ಕ್ಯಾಟ್‌ಗೆ ಓಪನ್‌ಸಿವಿ ಕಾಣಿಸುವಂತೆ ಮಾಡಿದ ಕಥೆ

ಓರೆಯಾಗಿ ಸ್ಕ್ಯಾನ್ ಆದ ಅರ್ಜಿಗಳನ್ನು ನೇರ ಮಾಡುವ ಜಾವಾ ಅಪ್ಲಿಕೇಶನ್ ಒಂದನ್ನು ನಾನು ನೋಡಿಕೊಳ್ಳುತ್ತಿದ್ದೆ. ಚಿತ್ರದ ಕೆಲಸವೆಲ್ಲ ಓಪನ್‌ಸಿವಿ ಎಂಬ ಲೈಬ್ರರಿಯದು, ಅಂದರೆ ಚಿತ್ರಗಳ ಕೆಲಸಕ್ಕೆ ಬರೆದಿಟ್ಟ ಸಿದ್ಧ ಕೋಡ್‌ನದು. ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ಓಡುತ್ತಿತ್ತು. ರಾಕಿ ಲಿನಕ್ಸ್ ಸರ್ವರ್‌ನಲ್ಲಿ ಓಪನ್‌ಸಿವಿ ಕಂಪೈಲ್ ಮಾಡಿ ಜಾವಾ ವೆಬ್ ಅಪ್ಲಿಕೇಶನ್‌ಗಳನ್ನು ಓಡಿಸುವ ಟಾಮ್‌ಕ್ಯಾಟ್ 9 ಶುರು ಮಾಡಿದ್ದೇ ತಡ, 'ಅನ್‌ಸ್ಯಾಟಿಸ್‌ಫೈಡ್ ಲಿಂಕ್ ಎರರ್' ಬಂತು. ಜಾವಾ ಲೈಬ್ರರಿ ಪಾತ್‌ನಲ್ಲಿ, ಅಂದರೆ ಜಾವಾ ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ, ಓಪನ್‌ಸಿವಿ ಇಲ್ಲವಂತೆ.

ಮೊದಲು, ಟರ್ಮಿನಲ್ ತೆರೆದಾಗ ಓದಲಾಗುವ ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ ಪಾತ್ ಎಕ್ಸ್‌ಪೋರ್ಟ್ ಮಾಡಿದೆ. ಏನೂ ಆಗಲಿಲ್ಲ. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಎಬ್ಬಿಸುವ ಸರ್ವಿಸ್ ನಮ್ಮ ಬ್ಯಾಶ್‌ಆರ್‌ಸಿಯನ್ನು ಓದುವುದೇ ಇಲ್ಲ. ಓಡುತ್ತಿರುವ ಪ್ರೋಸೆಸ್‌ಗೆ ನಿಜಕ್ಕೂ ಏನು ಸಿಕ್ಕಿದೆ ಎಂಬುದು ಪ್ರಾಕ್ ಫೋಲ್ಡರ್‌ನಲ್ಲಿ ಅದರ ನಂಬರಿನ ಕೆಳಗಿರುವ ಎನ್ವಿರಾನ್ ಫೈಲ್‌ನಲ್ಲಿ ಇರುತ್ತದೆ. ತೆರೆದು ನೋಡಿದೆ, ನನ್ನ ಪಾತ್ ಅಲ್ಲಿರಲಿಲ್ಲ. ಸರ್ವಿಸ್ ಕರೆಯುತ್ತಿದ್ದದ್ದು ಟಾಮ್‌ಕ್ಯಾಟ್ ಶುರು ಮಾಡುವ ಕ್ಯಾಟಲಿನಾ ಸ್ಕ್ರಿಪ್ಟನ್ನು. ಅದು ಬಿನ್ ಫೋಲ್ಡರ್‌ನಲ್ಲಿ ಸೆಟ್‌ಎನ್ವ್ ಸ್ಕ್ರಿಪ್ಟ್ ಇದ್ದರೆ ಅದನ್ನೂ ಓದುತ್ತದೆ. ಹಾಗಾಗಿ ಆ ಸ್ಕ್ರಿಪ್ಟ್ ಮಾಡಿ, ಕ್ಯಾಟಲಿನಾ ಆಪ್ಟ್ಸ್ ಎಂಬ ವೇರಿಯಬಲ್‌ನಲ್ಲಿ ಜಾವಾ ಲೈಬ್ರರಿ ಪಾತ್ ಕೊಟ್ಟೆ.

ಎರರ್ ಬದಲಾಯಿತು. ಈಗ ಓಪನ್‌ಸಿವಿ ಕೋರ್ ಫೈಲ್ ತೆರೆಯಲಾಗುತ್ತಿಲ್ಲ ಎಂದಿತು. ಅದೇ ಎರರ್ ಎಂದುಕೊಂಡು ಅರ್ಧ ದಿನ ಜಾವಾ ಪಾತ್‌ನ ಸ್ಪೆಲಿಂಗ್ ತಿದ್ದುತ್ತ ಕೂತೆ. ವಿಷಯ ಇಷ್ಟೇ: ಇಲ್ಲಿ ಹುಡುಕುವವರು ಇಬ್ಬರು. ಜಾವಾ ಹುಡುಕುವುದು ನಾವು ಹೆಸರು ಹೇಳಿದ ಮೊದಲ ಫೈಲನ್ನು ಮಾತ್ರ. ಆ ಫೈಲ್ ಯಾವುದನ್ನು ನೆಚ್ಚಿಕೊಂಡಿದೆಯೋ ಅದನ್ನು ಹುಡುಕುವುದು ಲಿನಕ್ಸ್‌ನ ಲೋಡರ್, ಮತ್ತು ಅದಕ್ಕೆ ಜಾವಾ ಪಾತ್‌ನ ಗೊಡವೆಯೇ ಇಲ್ಲ. ನಾವು ಹೆಸರು ಹೇಳಿದ ಓಪನ್‌ಸಿವಿಯ ಜಾವಾ ಫೈಲ್ ಯುಎಸ್‌ಆರ್ ಲೋಕಲ್‌ನ ಶೇರ್ ಫೋಲ್ಡರ್‌ನೊಳಗೆ ಕೂತಿತ್ತು, ಉಳಿದವು ಯುಎಸ್‌ಆರ್ ಲೋಕಲ್‌ನದೇ ಲಿಬ್64 ಫೋಲ್ಡರ್‌ನಲ್ಲಿ. ಈ ಲಿಬ್64 ಲೋಡರ್ ತಾನಾಗಿ ನೋಡುವ ಜಾಗಗಳಲ್ಲಿ ಇರಲಿಲ್ಲ.

ಒಂದು ಫೈಲ್ ಯಾವ ಲೈಬ್ರರಿಗಳನ್ನು ನೆಚ್ಚಿದೆ, ಅವು ಎಲ್ಲಿ ಸಿಗುತ್ತವೆ ಎಂದು ತೋರಿಸುವ ಎಲ್‌ಡಿಡಿ ಕಮಾಂಡನ್ನು ಆ ಜಾವಾ ಫೈಲ್ ಮೇಲೆ ಓಡಿಸಿದಾಗ ಸಾಲಾಗಿ 'ನಾಟ್ ಫೌಂಡ್' ಬಂತು. ಈ ಕಮಾಂಡನ್ನು ಮೊದಲೇ ಓಡಿಸಿದ್ದರೆ ಅರ್ಧ ದಿನ ಉಳಿಯುತ್ತಿತ್ತು. ಲೋಡರ್‌ಗೆ ಹೊಸ ಜಾಗ ತಿಳಿಸಲು, ಇಟಿಸಿಯಲ್ಲಿರುವ ಎಲ್‌ಡಿ ಡಾಟ್ ಎಸ್‌ಒ ಡಾಟ್ ಕಾನ್ಫ್ ಡಾಟ್ ಡಿ ಫೋಲ್ಡರ್‌ನಲ್ಲಿ ಒಂದೇ ಸಾಲಿನ ಫೈಲ್ ಇಟ್ಟೆ, ಲಿಬ್64ರ ಪೂರ್ತಿ ಪಾತ್. ಆಮೇಲೆ ರೂಟ್ (ಅಡ್ಮಿನ್) ಆಗಿ, ಲೋಡರ್‌ನ ಪಟ್ಟಿಯನ್ನು ಹೊಸದಾಗಿಸುವ ಎಲ್‌ಡಿಕಾನ್ಫಿಗ್ ಓಡಿಸಿದೆ. ಮತ್ತೆ ಎಲ್‌ಡಿಡಿ ಓಡಿಸಿದರೆ ಪ್ರತಿ ಸಾಲಿನಲ್ಲೂ ಫೈಲಿನ ಜಾಗ ಬಂತು. ಟಾಮ್‌ಕ್ಯಾಟ್ ರೀಸ್ಟಾರ್ಟ್ ಮಾಡಿದೆ, ಮೊದಲ ಅರ್ಜಿ ನೇರವಾಗಿ ಹೊರಬಂತು.

ಮರುದಿನ ಹೊಸ ವಾರ್ ಫೈಲ್ (ಇಡೀ ಅಪ್ಲಿಕೇಶನ್‌ನ ಕಟ್ಟು) ಹಾಕಿದಾಗ, ಬೇರೆ ಕ್ಲಾಸ್‌ಲೋಡರ್‌ನಲ್ಲಿ (ಜಾವಾ ಕ್ಲಾಸ್‌ಗಳನ್ನು ಮೆಮೊರಿಗೆ ತರುವ ಭಾಗ) ಲೈಬ್ರರಿ ಆಗಲೇ ಲೋಡ್ ಆಗಿದೆ ಎಂಬ ಎರರ್. ಒಂದು ನೇಟಿವ್, ಅಂದರೆ ಯಂತ್ರಭಾಷೆಗೆ ಕಂಪೈಲ್ ಆದ ಲೈಬ್ರರಿ ಒಂದು ಸಲಕ್ಕೆ ಒಂದೇ ಕ್ಲಾಸ್‌ಲೋಡರ್‌ಗೆ ಸೇರಬಹುದು. ರೀಡಿಪ್ಲಾಯ್ (ಅಪ್ಲಿಕೇಶನ್ ಮತ್ತೆ ಹಾಕುವುದು) ಆದಾಗ ಟಾಮ್‌ಕ್ಯಾಟ್ ಅಪ್ಲಿಕೇಶನ್‌ಗೆ ಹೊಸ ಕ್ಲಾಸ್‌ಲೋಡರ್ ಕೊಡುತ್ತದೆ, ಹಳೆಯದು ಇನ್ನೂ ಮೆಮೊರಿಯಲ್ಲಿರಬಹುದು. ಓಪನ್‌ಸಿವಿ ಜಾರ್ (ಜಾವಾ ಕ್ಲಾಸ್‌ಗಳ ಕಟ್ಟು) ಮತ್ತು ಲೋಡ್ ಮಾಡುವ ಪುಟ್ಟ ಕ್ಲಾಸ್ ಎರಡನ್ನೂ ವಾರ್‌ನಿಂದ ತೆಗೆದು ಟಾಮ್‌ಕ್ಯಾಟ್‌ನ ಲಿಬ್ ಫೋಲ್ಡರ್‌ಗೆ ಸಾಗಿಸಿದೆ. ಅಲ್ಲಿನ ಕ್ಲಾಸ್‌ಲೋಡರ್ ರೀಡಿಪ್ಲಾಯ್ ಆದರೂ ಬದಲಾಗುವುದಿಲ್ಲ. ಜಾರ್ ಒಂದನ್ನೇ ಸಾಗಿಸಿದರೆ ಸಾಲದು, ಏಕೆಂದರೆ ಲೋಡ್ ಮಾಡಲು ಕರೆದ ಕ್ಲಾಸ್ ಯಾವ ಕ್ಲಾಸ್‌ಲೋಡರ್‌ನದೋ ಲೈಬ್ರರಿಯೂ ಅದರದೇ ಆಗುತ್ತದೆ. ಸರ್ವರ್ ನಿಲ್ಲಿಸದೆ ಮೂರು ಸಲ ರೀಡಿಪ್ಲಾಯ್ ಮಾಡಿದೆ. ಮೂರೂ ಸಲ ಅರ್ಜಿಗಳು ನೇರವಾಗಿಯೇ ಬಂದವು.